ಲೋಕಲ್ ಹೋದಾಗ ಗುಂಡು ಹಾರಿಸಬಾರದು

ಕದಲಿದವನ ಮೇಲೆ ಕಾದು ಕುಳಿತವನು ಗುಂಡು ಹಾರಿಸಬಹುದು ಎಂಬ ನಿಯಮವನ್ನು ನನಗೆ ಮೊದಲು ಹೇಳಿದವರು ನನ್ನ ಮಾವ. ಆಗ ನಾನು ಚಹಾದ ಟ್ರೇ ಹಿಡಿದು ಅಡಿಗೆಮನೆಯಿಂದ ಹಾಲ್‌ಗೆ ಬರುತ್ತಿದ್ದೆ. “ಅಲ್ಲೇ ನಿಂದ್ರವಾ!” ಎಂದು ಕೂಗಿದರು. ನಿಂತೆ. ಊಟದ ಮೇಜಿನ ಮೇಲೆ ಹಸಿರು ಪ್ಲಾಸ್ಟಿಕ್ ಸೈನಿಕರ ಒಂದು ದಂಡು, ಮಣ್ಣುಬಣ್ಣದವರ ಇನ್ನೊಂದು ದಂಡು ಎದುರುಬದುರಾಗಿದ್ದವು. ನನ್ನ ಸೆರಗು ತಾಗಿದ್ದರೆ ಯಾರೋ ಸಾಯುವವರಿದ್ದರು. ಮುಂಬಯಿಯ ಸಯನ್ನಿನ ನಮ್ಮ ಮನೆಯಲ್ಲಿ ಇಂಥದೊಂದು ಯುದ್ಧ ಪ್ರತಿ ರವಿವಾರ ತಪ್ಪದೆ ನಡೆಯುತ್ತಿತ್ತು. ನಾವೂ ಅದಕ್ಕೆ ಹೊಂದಿಕೊಂಡು ಚಹಾವನ್ನು ತಣ್ಣಗೆ ಕುಡಿಯಲು ಕಲಿತೆವು.

ಮಾವ ಒಂದು ಮಿಲ್ಲಿನ ಡ್ರಾಯಿಂಗ್ ಆಫೀಸಿನಿಂದ ರಿಟೈರ್ ಆದವರು, ಧಾರವಾಡದ ಕಡೆಯವರು. ಫುಟ್‌ಪಾತಿನಲ್ಲಿ ಹಳೆಯ ಪುಸ್ತಕ ಹೆಕ್ಕುವಾಗ, ಆಟಿಕೆ ಸೈನಿಕರಿಂದ ಮೇಜಿನ ಮೇಲೆ ಯುದ್ಧ ಮಾಡುವುದು ಹೇಗೆಂಬ ಇಂಗ್ಲಿಷ್ ಪುಸ್ತಕವೊಂದು ಅವರಿಗೆ ಸಿಕ್ಕಿತು. ಎದುರಾಳಿಯಾಗಿ ಸಿಕ್ಕವರು ಮಾಟುಂಗದ ಉಡುಪಿ ಹೋಟೆಲೊಂದರ ಮ್ಯಾನೇಜರರು. ಯಾರು ಯಾವಾಗ ಗುಂಡು ಹಾರಿಸಬೇಕು ಎಂಬ ಪುಟಗಳೇ ಆ ಪುಸ್ತಕದಲ್ಲಿ ಹರಿದುಹೋಗಿದ್ದವು. ಹಾಗಾಗಿ ಆ ಭಾಗವನ್ನು ಇಬ್ಬರೂ ಜಗಳವಾಡಿ ತಾವೇ ಕಟ್ಟಿಕೊಂಡರು.

ಇನ್ನೊಂದು ಮಾತು ಮೊದಲೇ ಹೇಳಬೇಕು. ಮಾವನ ಬಲಗೈ ನಡುಗಲು ಶುರುವಾಗಿತ್ತು. ಬರೆಯುವುದು ಬಿಟ್ಟರು, ವಾಚನಾಲಯಕ್ಕೆ ಹೋಗುವುದು ಬಿಟ್ಟರು, ಬಂದವರೆದುರು ಚಹಾ ಕುಡಿಯುವುದೂ ಬಿಟ್ಟರು. ಯಾರಾದರೂ ಲೋಟ ಹಿಡಿಯಲು ಕೈ ಚಾಚಿದರೆ ಎದ್ದು ಒಳಗೆ ಹೋಗಿ ಗೋಡೆಗೆ ಮುಖ ಮಾಡಿ ಮಲಗುತ್ತಿದ್ದರು. ಅವರು ಅಂಗಿ ಇಸ್ತ್ರಿ ಮಾಡಿಸಿ ಹಾಕಿಕೊಳ್ಳುತ್ತಿದ್ದುದು ಈ ರವಿವಾರದ ಯುದ್ಧಕ್ಕೆ ಮಾತ್ರ. ಅದೂ ನಿಂತರೆ ಏನೆಂಬುದನ್ನು ಮನೆಯಲ್ಲಿ ಯಾರೂ ಬಾಯಿಬಿಟ್ಟು ಹೇಳುತ್ತಿರಲಿಲ್ಲ.

ಎದ್ದವರಿಗೇ ಗುಂಡು

ಮ್ಯಾನೇಜರರಿಗೆ ಮೊದಲು ಈ ಕಾವಲಿನ ನಿಯಮ ಜೀರ್ಣವಾಗಲಿಲ್ಲ.

“ಅಲ್ಲ ರಾಯರೇ, ನನ್ನ ಸರದಿಯಲ್ಲಿ ನಾನು ನಡೆಯುವಾಗ ನೀವು ಮಧ್ಯೆ ಬಾಯಿ ಹಾಕಿ ಹೊಡೆಯುವುದು ಎಂಥ ನ್ಯಾಯ?”

“ನಿಮ್ಮಂವ ಓಡ್ಯಾಡಾಕತ್ತಾನ. ನನ್ನಂವ ಸುಮ್ಮನ ಬಂದೂಕು ಹಿಡಿದು ಕಾಯ್ಕೋತ ಕುಂತಾನ. ಓಡ್ಯಾಡೋ ಮನಶ್ಯಾ ಕಣ್ಣಿಗೆ ಬಿದ್ದರ ಬಿಡ್ತಾನೇನು?”

“ಹೀಗಾದರೆ ನಾನು ಒಬ್ಬನನ್ನೂ ಎಬ್ಬಿಸುವುದಿಲ್ಲಪ್ಪ.”

ಅಷ್ಟರಲ್ಲಿ ನನ್ನ ಗಂಡ ಪೇಪರ್ ತೆಗೆದುಕೊಳ್ಳಲು ಕುರ್ಚಿಯಿಂದ ಎದ್ದರು. ಅಡಿಗೆಮನೆಯ ಬಾಗಿಲಲ್ಲಿ ಸೊಪ್ಪು ಸೋಸುತ್ತ ಕುಳಿತಿದ್ದ ಅತ್ತೆ ತಲೆ ಎತ್ತದೆ ಹೇಳಿದರು: “ಎದ್ದೀಯಲ್ಲ, ಹಂಗ ಗಿರಣಿಗೆ ಹೋಗಿ ಹಿಟ್ಟು ಬೀಸಿಕೊಂಡು ಬಾ.” ಗಂಡ ಕೂಡಲೇ ಕುಳಿತರು. ಪ್ರಯೋಜನವಾಗಲಿಲ್ಲ.

ಸ್ವಲ್ಪ ಹೊತ್ತಿಗೆ ಮ್ಯಾನೇಜರರು ಕೈ ತೊಳೆಯಲು ಎದ್ದರು. “ಹೆಂಗೂ ಎದ್ದೀರಿ, ಅಟ್ಟದ ಮ್ಯಾಲಿನ ದೊಡ್ಡ ಪಾತೇಲಿ ಇಳಿಸಿಕೊಡ್ರಿ” ಎಂದರು ಅತ್ತೆ. ಅವರು ಪಾತೇಲಿ ಇಳಿಸಿ, ಅದರೊಳಗಿನ ಜೇಡರಬಲೆ ತಲೆಗೆ ಸುತ್ತಿಕೊಂಡು ಬಂದು ಕುಳಿತರು.

“ಅರ್ಥ ಆಯ್ತು ರಾಯರೇ.”

ಮಾವ ದಾಳ ಹಾಕುತ್ತ ಹೇಳಿದರು: “ಲಗ್ನ ಆದಾಗಿಂದ ನಾ ಯಾಕ ಕುಂತಲ್ಲೇ ಕುಂತೀನಿ ಅಂತ ಈಗ ತಿಳೀತೇನು?”

ಟೋಪಿ ಕಾಣುವ ಪ್ರಶ್ನೆ

ಗುಂಡು ಹಾರಿಸಬೇಕಾದರೆ ಕಾವಲಿನವನಿಗೆ ನಡೆಯುವವನು ಕಾಣಬೇಕಲ್ಲ. ನಮ್ಮ ಇಡ್ಲಿ ತಟ್ಟೆಗಳನ್ನು ಬೋರಲು ಹಾಕಿ ಗುಡ್ಡ ಮಾಡಿದ್ದರು. ರವಿವಾರ ಇಡ್ಲಿ ಇಲ್ಲದ ಏಕೈಕ ದಕ್ಷಿಣದವರ ಮನೆ ನಮ್ಮದು. ಮ್ಯಾನೇಜರರ ಸೈನಿಕ ಗುಡ್ಡದ ಹಿಂದೆ ತೆವಳುತ್ತಿದ್ದ. ಅವನ ಟೋಪಿ ಕಾಣುತ್ತದೆ ಎಂದು ಮಾವ, ಇಲ್ಲ ಎಂದು ಮ್ಯಾನೇಜರರು. ಇಬ್ಬರೂ ಮೇಜಿನ ಎರಡು ತುದಿಗೆ ಕೆನ್ನೆ ಆನಿಸಿ, ಒಂದೊಂದು ಕಣ್ಣು ಮುಚ್ಚಿ, ಉಸಿರು ಬಿಗಿಹಿಡಿದು ಒರಗಿದರು.

ಬಾಗಿಲು ತೆರೆದೇ ಇತ್ತು. ನೀರಿನ ಟಾಕಿ ತೊಳೆಯುವ ಸುದ್ದಿ ಹೇಳಲು ಬಂದ ಬಿಲ್ಡಿಂಗಿನ ಸೆಕ್ರೆಟರಿ, ಇಬ್ಬರು ಮುದುಕರು ಮೇಜಿನ ಮೇಲೆ ಹೀಗೆ ಬಿದ್ದಿರುವುದನ್ನು ಕಂಡು “ಅರೇ ದೇವಾ! ಡಾಕ್ಟರಲಾ ಬೊಲವಾ!” ಎಂದು ಚೀರಿದರು. ಆಮೇಲೆ ನಾನು ವಿಷಯ ತಿಳಿಸಿದಾಗ ಬಯ್ಯುತ್ತಾರೆಂದುಕೊಂಡೆ. ಅವರು ಚಪ್ಪಲಿ ಬಿಟ್ಟು ಬಂದು, ತಮ್ಮ ಕೆನ್ನೆಯನ್ನೂ ಮೇಜಿಗೆ ಒತ್ತಿ, ಬಹಳ ಹೊತ್ತು ನೋಡಿ ಮಾವನ ಪರವಾಗಿ ತೀರ್ಪು ಕೊಟ್ಟರು: “ದಿಸತೇ! ಟೋಪಿ ದಿಸತೇ!”

ಮ್ಯಾನೇಜರರು ಒಪ್ಪಲಿಲ್ಲ. “ಇವರು ಮುಂಜಾನೆ ನಮ್ಮ ಹೋಟೆಲಿಗೆ ಬಂದು ಎದುರಿಗಿದ್ದ ಚಟ್ನಿ ಕಾಣದೆ ಇನ್ನೊಮ್ಮೆ ಕೇಳಿದವರು.”

ಮುಟ್ಟಿದರೆ ನಡೆದಂತೆ

ಮ್ಯಾನೇಜರರಿಗೆ ಹೋಟೆಲಿನ ಒಂದು ಅಭ್ಯಾಸ. ಕಣ್ಣೆದುರು ಏನಿದ್ದರೂ ಸಾಲಾಗಿ ಜೋಡಿಸಬೇಕು. ಮಾತಾಡುತ್ತಲೇ ತಮ್ಮ ಸೈನಿಕರನ್ನು ಕಪ್ಪು-ಸಾಸರುಗಳಂತೆ ನೆಟ್ಟಗೆ ಮಾಡುತ್ತಿದ್ದರು, ನೆಟ್ಟಗೆ ಮಾಡಿದಾಗಲೆಲ್ಲ ಆ ಸೈನಿಕರು ಅರ್ಧ ಬೆರಳು ಮುಂದೆ ಬಂದಿರುತ್ತಿದ್ದರು. ಇದನ್ನು ಪತ್ತೆಹಚ್ಚಿದ ಮಾವ ಕಟ್ಟುನಿಟ್ಟಾದ ನಿಯಮ ತಂದರು: ಬೆರಳು ತಾಗಿ ಕದಲಿದವನು ನಡೆದಂತೆಯೇ ಲೆಕ್ಕ. ಕಾವಲಿನವನು ಹೊಡೆಯಬಹುದು.

ಆ ನಿಯಮ ತಿರುಗಿ ಅವರಿಗೇ ಬಂತು. ಒಂದು ರವಿವಾರ ಅವರು ಒಬ್ಬ ಸೈನಿಕನನ್ನು ಎತ್ತಲು ಹೋದಾಗ ಕೈ ನಡುಗಿ, ಪಕ್ಕದವರೆಲ್ಲ ಗುಡ್ಡದ ಮರೆಯಿಂದ ಬಯಲಿಗೆ ಉರುಳಿದರು. ಮ್ಯಾನೇಜರರು ಕಿಟಕಿಯ ಹೊರಗೆ ನೋಡತೊಡಗಿದರು.

“ಏನ್ ನೋಡ್ತೀರಿ ಅಲ್ಲೆ? ಬೆರಳು ತಾಗೇದ. ಹೊಡೀರಿ.”

“ಹೋಗ್ಲಿ ಬಿಡಿ ರಾಯರೇ.”

“ಹೊಡೀರಿ ಅಂದ್ನಿ!”

ಹೊಡೆದರು. ಸತ್ತವರನ್ನು ಮಾವ ತಾವೇ ಒಬ್ಬೊಬ್ಬರನ್ನಾಗಿ ಡಬ್ಬಿಗೆ ಹಾಕಿದರು. ಮರುವಾರ ಮೇಜು ಖಾಲಿ ಇತ್ತು. ಅಂಗಿಯೂ ಇಸ್ತ್ರಿಗೆ ಹೋಗಿರಲಿಲ್ಲ. “ಬ್ಯಾಸರಾಗೇದ. ಇನ್ನ ಮ್ಯಾಲೆ ಆ ಮೇಜಿನ ಮ್ಯಾಲೆ ಊಟಾ ಮಾಡ್ರಿ” ಎಂದರು.

ಆ ಮೇಜಿಗಾಗಿ ವರ್ಷಗಟ್ಟಲೆ ಜಗಳವಾಡಿದ್ದ ನಮ್ಮ ಅತ್ತೆ, ಪಾತ್ರೆಗಳನ್ನೆಲ್ಲ ತಂದು ನೆಲದ ಮೇಲಿಟ್ಟು ಹೇಳಿದರು: “ಎಲ್ಲಾರೂ ಕೆಳಗ ಕೂಡ್ರಿ. ಮೇಜಿನ ಮ್ಯಾಲೆ ಕುಂತು ಉಂಡರ ನನಗ ಅಜೀರ್ಣ ಆಗ್ತದ.”

ಲೋಕಲ್ ಕಾನೂನು

ಅದರ ಮುಂದಿನ ರವಿವಾರ ಮ್ಯಾನೇಜರರು ಮುಖ ಗಂಟಿಕ್ಕಿಕೊಂಡು ಬಂದರು.

“ರಾಯರೇ, ನನಗೆ ಅನ್ಯಾಯ ಆಗಿದೆ. ನಿಮ್ಮ ಮನೆಯ ಹಿಂದೆಯೇ ರೈಲ್ವೆ ಲೈನು. ಲೋಕಲ್ ಹೋದಾಗಲೆಲ್ಲ ಮೇಜು ನಡುಗಿ ನನ್ನ ಜನ ಇಡ್ಲಿ ತಟ್ಟೆಯಿಂದ ಜಾರುತ್ತಾರೆ. ನೀವು ಹೊಡೆಯುತ್ತೀರಿ. ಇಷ್ಟು ದಿನ ಮರ್ಯಾದೆಗೆ ಸುಮ್ಮನಿದ್ದೆ. ಲೋಕಲ್ ಹೋಗುವಾಗ ಕದಲಿದ್ದು ನಡೆದದ್ದಲ್ಲ, ಆಗ ಗುಂಡು ಹಾರಿಸಲಿಕ್ಕಿಲ್ಲ ಅಂತ ನಿಯಮ ಆಗಬೇಕು. ಇಲ್ಲದಿದ್ದರೆ ನಾನು ಈ ಮನೆಯ ಮೆಟ್ಟಿಲು ಹತ್ತುವುದಿಲ್ಲ.”

ಮಾವ ನ್ಯಾಯಕ್ಕೆ ಸೋಲುವ ಮನುಷ್ಯ. ಮಲಗಿದ್ದವರು ಎದ್ದು ಕುಳಿತು ಬಹಳ ಯೋಚಿಸಿದರು. “ಖರೇ ಅದ. ನಿಮಗ ಅನ್ಯಾಯ ಆಗೇದ” ಎಂದರು. ಸೈನಿಕರ ಡಬ್ಬಿ ಹೊರಬಂತು.

ಅಂದಿನಿಂದ ಮಾವನ ಸರದಿ ಬಂದಾಗಲೆಲ್ಲ ಮ್ಯಾನೇಜರರಿಗೆ ಸಾವಿರ ಕೆಲಸ. ಕನ್ನಡಕ ಒರೆಸುವರು, ನಶ್ಯ ಏರಿಸುವರು, ಹೋಟೆಲಿನ ಅಡಿಗೆಭಟ್ಟರ ಮಗಳ ಬಾಣಂತನದ ಕಥೆ ತೆಗೆಯುವರು. ದೂರದಲ್ಲಿ ಲೋಕಲ್ ಸದ್ದು ಕೇಳಿದ ಕೂಡಲೇ ಬಾಣಂತಿಯನ್ನು ಅಲ್ಲೇ ಬಿಟ್ಟು, “ಹಾಂ, ನಡೆಯಿರಿ ರಾಯರೇ!” ಮಾವ ಕೈ ಚಾಚುವರು, ಕೈ ನಡುಗುವುದು, ಮೇಜೂ ನಡುಗುವುದು, ಒಂದಿಬ್ಬರು ಬೀಳುವರು. “ಲೋಕಲ್!” ಎಂದು ಮ್ಯಾನೇಜರರು ಕೈ ಮೇಲೆತ್ತುವರು.

ಮೆಟ್ಟಿಲಲ್ಲಿ ನನ್ನನ್ನು ಹಿಡಿದು ಪಿಸುಗುಟ್ಟಿದರು: “ರಾಯರಿಗೆ ಗೊತ್ತಾದರೆ ಮತ್ತೆ ಮೇಜು ಮುಟ್ಟುವುದಿಲ್ಲ. ಬಾಯಿ ಬಿಡಬೇಡಿ ಮಾರಾಯ್ರೆ.”

ದಿನ ಹೋದಂತೆ ಧೈರ್ಯ ಹೆಚ್ಚಿತು. ಗಾಡಿ ಇನ್ನೂ ಹಿಂದಿನ ಸ್ಟೇಷನ್ ಕುರ್ಲಾ ಬಿಡುವ ಮೊದಲೇ ಇಲ್ಲಿ “ಲೋಕಲ್!” ಅತ್ತೆಗೆ ಯಾರು ಹೇಳಿದರೋ, ಅವರೂ ಕೂಡಲೇ ಅಡಿಗೆಮನೆಯಲ್ಲಿ ಬೇಳೆಯ ಡಬ್ಬಿಗಳನ್ನು ಗಡಗಡ ಅಲ್ಲಾಡಿಸಿ, “ಏನು ಗಾಡೀನೋ ಏನೋ, ಮನೀನ ಬೀಳಸ್ತಾವ” ಎಂದು ಗೊಣಗುತ್ತಿದ್ದರು. ನಾನು ಮಾತ್ರ ಪದವೀಧರೆ. ಸುಳ್ಳಿಗೆ ಕೈ ಹಾಕದೆ, ನೇತಾಡುವ ಲೈಟನ್ನು ಸ್ವಲ್ಪ ತೂಗಿಬಿಡುತ್ತಿದ್ದೆ, ಅಷ್ಟೆ.

ಗಾಡಿಯಿಲ್ಲದ ರವಿವಾರ

ಆಮೇಲೆ ರೈಲು ಮುಷ್ಕರ ಬಂತು. ನಮ್ಮ ಹಿಂದಿನ ಲೈನು ಮಲಗಿಬಿಟ್ಟಿತು. ಆ ಮೌನದಲ್ಲಿ ನಮಗೆ ನಿದ್ದೆ ಹತ್ತಲಿಲ್ಲ. ಪಕ್ಕದ ಮನೆಯವರು ಹಪ್ಪಳ ಮುರಿದರೂ ಕೇಳುತ್ತಿತ್ತು. ಮ್ಯಾನೇಜರರು ಮಾಟುಂಗದಿಂದ ನಡೆದುಕೊಂಡೇ ಬಂದರು, ಬೆವರು ಒರೆಸಿಕೊಂಡು ಮೇಜಿಗೆ ಕುಳಿತರು.

ಮಾವನ ಸರದಿ. ನದಿಯೆಂದು ಹಾಸಿದ ನನ್ನ ನೀಲಿ ರಿಬ್ಬನ್ನನ್ನು ಅವರ ಕ್ಯಾಪ್ಟನ್ ದಾಟಬೇಕು. ಆಚೆ ದಡದಲ್ಲಿ ಮ್ಯಾನೇಜರರ ಕಾವಲು ದಂಡು ಪೂರ್ತಿ ಬಂದೂಕು ಹಿಡಿದು ಕುಳಿತಿತ್ತು. ಮಾವ ಕೈ ಚಾಚಿದರು. ಕೈ ಆ ದಿನ ವಿಪರೀತ ನಡುಗಿತು. ಕ್ಯಾಪ್ಟನ್ ಮಗುಚಿದ, ಹಿಂದಿನವರೂ ಒಬ್ಬರ ಮೇಲೊಬ್ಬರು ಬಿದ್ದರು.

“ಲೋಕಲ್!” ಎಂದು ಕೂಗಿ ಮ್ಯಾನೇಜರರು ಕೈ ಎತ್ತಿದರು. ಅಡಿಗೆಮನೆಯಲ್ಲಿ ಡಬ್ಬಿಗಳು ಗಡಗಡ ಎಂದವು.

ಆಮೇಲೆ ಎಲ್ಲರಿಗೂ ನೆನಪಾಯಿತು. ಎತ್ತಿದ ಕೈ ಎತ್ತಿದಲ್ಲೇ ಉಳಿಯಿತು. ಅತ್ತೆ ಬೇಳೆಯ ಡಬ್ಬಿ ಅಪ್ಪಿಕೊಂಡು ಬಾಗಿಲಿಗೆ ಬಂದು ನಿಂತರು. ಮಾವ ನಿಧಾನವಾಗಿ ಕಿಟಕಿಯ ಕಡೆ ತಿರುಗಿದರು. ಕೆಳಗೆ ಖಾಲಿ ಹಳಿಯ ಮೇಲೆ ಕಾಗೆಯೊಂದು ಕುಳಿತು ರೊಟ್ಟಿಯ ಚೂರು ಕುಕ್ಕುತ್ತಿತ್ತು. ಅದನ್ನೇ ನೋಡಿದರು. ಮ್ಯಾನೇಜರರ ಮುಖ ನೋಡಿದರು. ಇನ್ನು ಎದ್ದು ಒಳಗೆ ಹೋಗುತ್ತಾರೆ, ಗೋಡೆಗೆ ಮುಖ ಮಾಡುತ್ತಾರೆ ಎಂದುಕೊಂಡೆ.

“ಲೋಕಲ್ ಅಂದ್ರೂ ಸ್ಲೋ ಅಲ್ಲರೀ,” ಎಂದರು ಮಾವ. “ಫಾಸ್ಟ್ ಅದು. ನಿಲ್ಲದ ಹೋತು.”

“ಹೌದು ಹೌದು, ಫಾಸ್ಟೇ,” ಎಂದರು ಮ್ಯಾನೇಜರರು. ಕೈ ಇಳಿಸಲು ಅವರಿಗೆ ಇನ್ನೂ ನೆನಪಾಗಿರಲಿಲ್ಲ.

ಮಾವ ಬಿದ್ದವರನ್ನೆಲ್ಲ ಒಬ್ಬೊಬ್ಬರನ್ನಾಗಿ ಎತ್ತಿ ನಿಲ್ಲಿಸಿದರು. ಬಹಳ ಹೊತ್ತು ಹಿಡಿಯಿತು. ಯಾರೂ ಕೈ ಹಾಕಲಿಲ್ಲ. ಕ್ಯಾಪ್ಟನ್ ನದಿ ದಾಟಿದ. ಆಚೆ ದಡದಲ್ಲಿ ಒಬ್ಬನೂ ಗುಂಡು ಹಾರಿಸಲಿಲ್ಲ.

ಆಟ ಮುಗಿದು ಮ್ಯಾನೇಜರರು ಕೈ ತೊಳೆಯಲು ಎದ್ದಾಗ ಅತ್ತೆ ಅವರನ್ನು ಯಾವುದೋ ಕೆಲಸಕ್ಕೆ ಹಿಡಿದುಕೊಂಡರು. ಮಾವ ನನ್ನನ್ನು ಸನ್ನೆ ಮಾಡಿ ಹತ್ತಿರ ಕರೆದರು. ಅಡಿಗೆಮನೆಯ ಕಡೆ ಒಂದು ಕಣ್ಣಿಟ್ಟು, ದನಿ ತಗ್ಗಿಸಿದರು.

“ನೋಡವಾ, ಈ ಮುಷ್ಕರ ಇನ್ನೂ ಎಷ್ಟು ದಿನಾ ನಡೀತದೋ ಯಾರಿಗೆ ಗೊತ್ತು. ಅಲ್ಲೀತನಕಾ ಬ್ಯಾರೆ ಏನರೆ ನೆಪ ಹುಡುಕಿಕೊಂಡು ಬರ್ರಿ ಅಂತ ಅವರಿಗೆ ಹೇಳು. ನಾ ಹೇಳೀನಿ ಅಂತ ಮಾತ್ರ ಹೇಳಬ್ಯಾಡ. ಪಾಪ, ಮನಸ್ಸಿಗೆ ಹಚ್ಚಿಕೋತಾರ.”