ಕಾಕಾರ ಇಸಿಜಿಗೆ ಲ್ಯಾಮಿನೇಶನ್

ಇಸಿಜಿ ತೆಗೆಯುವವನ ಮುಂದೆ ಮಂದಿ ಅಂಗಿಯ ಜೊತೆ ಮನಸ್ಸನ್ನೂ ಬಿಚ್ಚುತ್ತಾರೆ. ಹಾಗಾಗಿ ಚಿಕ್ಕೋಡಿಯ ಆಸ್ಪತ್ರೆಯೊಂದರಲ್ಲಿ ನಾನು ಆ ಮಷೀನಿನ ಮುಂದೆ ಇದ್ದಷ್ಟು ವರ್ಷ ನಗುವುದಕ್ಕೆ ಬರವಿರಲಿಲ್ಲ. ಐನಾಪುರದ ಒಬ್ಬ ಕಾಕಾ ಬಂದರಂತೂ ಒಂದಿಲ್ಲೊಂದು ಆಗಲೇಬೇಕು. ಮೊಬೈಲು ಆಗಷ್ಟೇ ಹಳ್ಳಿಗಳಿಗೆ ಬಂದಿದ್ದ ಕಾಲ. ರೈತರಾದ ಕಾಕಾರಿಗೆ ಬೆಳಗಾವಿಯಲ್ಲಿ ಬೈಪಾಸ್ ಆಗಿತ್ತು, ಆಮೇಲಿನ ತಪಾಸಣೆಗೆ ಹೆಂಡತಿ, ಅಂದರೆ ಕಾಕಿಯ ಜೊತೆ ನಮ್ಮಲ್ಲಿಗೆ ಬರುತ್ತಿದ್ದರು.

೧. ಡೊಂಕು ಸಾಲು

ಮೊದಲ ಸಲ ಕಾಕಾ ಉಸಿರು ಬಿಗಿಹಿಡಿದು ಕೊರಡಿನಂತೆ ಮಲಗಿದರು. ಯಾಕೆಂದರೆ, ಗೆರೆ ಸೀದಾ ಬರಲಿ ಎಂದು. ಕಾಗದ ಹೊರಗೆ ಬಂದದ್ದೇ ಮುಖ ಸಣ್ಣದಾಯಿತು.

‘ತಮ್ಮಾ, ನಲವತ್ತ ವರ್ಷ ಹೊಲದಾಗ ರಂಟಿ ಹೊಡದೀನಿ, ನನ್ನ ಸಾಲ ಎಂದೂ ಡೊಂಕ ಬಂದಿಲ್ಲ.’

ಈ ಗೆರೆ ಸೀದಾ ಬಂತೆಂದರೆ ಮನುಷ್ಯ ಹೋದ ಅಂತಲೇ ಲೆಕ್ಕ ಎಂದು ತಿಳಿಸಿ ಹೇಳಿದೆ. ಕಾಕಾ ತುಸು ಯೋಚಿಸಿ ಮತ್ತೆ ಮಲಗಿದರು.

‘ಹಂಗಾರ ಇನ್ನೊಂದ ತೆಗಿ. ಇದಕಿಂತಾ ಡೊಂಕ ಬರ್ಲಿ.’

೨. ಎಮ್ಮೆಯ ಹಲ್ಲು

ನಮ್ಮ ಡಾಕ್ಟರಿಗೆ ಒಂದು ಹುಚ್ಚಿತ್ತು. ಬೈಪಾಸ್ ಆದವರ ಇಸಿಜಿಯನ್ನು ಭೂತಗನ್ನಡಿ ಹಿಡಿದು ನೋಡಿ, ಒಂದೊಂದು ಏರಿಳಿತದ ಅಗಲ ಅಳೆದು ರಿಜಿಸ್ಟರಿನಲ್ಲಿ ಬರೆಯುವರು. ಆಪರೇಶನ್ ಆದಮೇಲೆ ಯಾರ ಹೃದಯ ಬಹಳ ವರ್ಷ ಬಾಳುತ್ತದೆ, ಯಾರ ಮೇಲೆ ಹೆಚ್ಚು ಕಣ್ಣಿಡಬೇಕು ಎಂದು ಅದರಿಂದ ಅಂದಾಜು ಸಿಗುತ್ತದೆ ಎನ್ನುವರು. ಕಾಕಾರದು ಚಲೋ ಇದೆ ಎಂದರು. ಎಷ್ಟು ವರ್ಷ ಎಂದು ಕೇಳಿದರೆ, ಅದು ಹೇಳಲಾಗದು, ಇದು ಬರೀ ಅಂದಾಜು ಎಂದರು. ಕಾಕಾರಿಗೆ ಸಮಾಧಾನವಾಗಲಿಲ್ಲ.

‘ನಾವೂ ಎಮ್ಮಿ ಹಲ್ಲ ನೋಡಿ ವಯಸ್ಸ ಹೇಳ್ತೀವ್ರಿ. ಹಂಗಿದ್ರೂ ಎರಡ ಸರ್ತಿ ಮೋಸ ಹೋಗೀನಿ. ಇನ್ನೊಮ್ಮಿ ಅಳೀರಿ.’

ಡಾಕ್ಟರು ಭೂತಗನ್ನಡಿ ಎತ್ತಿಕೊಂಡು ಇನ್ನೊಮ್ಮೆ ಅಳೆದರು.

೩. ವರ್ಷದ ಮೌನ

ಮುಂದಿನ ವರ್ಷ ಹೋಲಿಸಿ ನೋಡಬೇಕು, ಈ ಕಾಗದ ಜೋಪಾನ ಎಂದು ಡಾಕ್ಟರು ಕಾಕಿಗೆ ಹೇಳಿ ಕಳಿಸಿದ್ದರು. ವರ್ಷ ಕಳೆದು ಬಂದಾಗ ಕಾಕಾ ಒಳಗೆ ಅಂಗಿ ಬಿಚ್ಚುತ್ತಿದ್ದರು. ಕಾಕಿ ನನ್ನನ್ನು ಬದಿಗೆ ಕರೆದು, ಸೆರಗಿನ ಮರೆಯಿಂದ ಹೆಂಚಿನ ತಳದಂಥ ಕರೀ ಹಾಳೆಯೊಂದನ್ನು ತೆಗೆದರು. ಜೋಪಾನವಾಗಿರಲಿ ಎಂದು ರೇಶನ್ ಕಾರ್ಡಿನ ಜೊತೆ ಅದನ್ನೂ ಕಾಗವಾಡದಲ್ಲಿ ಲ್ಯಾಮಿನೇಶನ್ ಮಾಡಿಸಿದ್ದರು. ಇಸಿಜಿ ಕಾಗದ ಬಿಸಿ ತಾಗಿದರೆ ಕಪ್ಪಾಗುತ್ತದೆಂಬುದು ಅವರಿಗೂ ಗೊತ್ತಿಲ್ಲ, ಅಂಗಡಿಯವನಿಗೂ ಗೊತ್ತಿಲ್ಲ.

‘ಇದು ಅಪಶಕುನ ಅಲ್ಲೇನು ತಮ್ಮಾ? ವರ್ಷಾತು, ಅವರಿಗೆ ಹೇಳಿಲ್ಲ’ ಎಂದು ಕಣ್ಣೀರು ತೆಗೆದರು. ಸುಟ್ಟಿದ್ದು ಕಾಗದ, ಹೃದಯವಲ್ಲ, ಅಳತೆಯೆಲ್ಲ ರಿಜಿಸ್ಟರಿನಲ್ಲಿದೆ ಎಂದರೂ ನಂಬಲಿಲ್ಲ.

ಒಳಗೆ ಕ್ಲಿಪ್ ಹಚ್ಚುವಾಗ ಕಾಕಾ ನನ್ನ ಕೈ ಹಿಡಿದರು.

‘ಡಾಕ್ಟರು ಈಕಿಗೆ ಏನೋ ಹೇಳ್ಯಾರ. ವರ್ಷಾತು, ಈಕಿ ನನ್ನ ಒಮ್ಮಿನೂ ಬೈದಿಲ್ಲ. ಖರೇ ಹೇಳು, ನಂದು ಮುಗೀತೇನು?’

ನನಗೆ ನಗು ಬರಲಿಲ್ಲ.

ಡಾಕ್ಟರು ಹೊಸ ಕಾಗದ ಅಳೆದು ರಿಜಿಸ್ಟರಿಗೆ ತಾಳೆ ನೋಡಿದರು. ಕೂದಲೆಳೆಯಷ್ಟೂ ಫರಕಿಲ್ಲ. ಕಾಕಿಯನ್ನು ಒಳಗೆ ಕರೆದು ಹೇಳಿದರು. ಕಾಕಿ ಸ್ಟೂಲಿನ ಮೇಲೆ ಕುಸಿದು ಕೂತು ಕಣ್ಣೊರೆಸಿಕೊಂಡರು. ನನಗೂ ಹೋದ ಜೀವ ಬಂದಂತಾಯಿತು. ಆಮೇಲೆ ಅವರು ನಿಧಾನಕ್ಕೆ ಗಂಡನ ಕಡೆ ತಿರುಗಿದರು.

‘ಇಷ್ಟ ಗಟ್ಟಿ ಅದೀರಿ. ವರ್ಷಗಟ್ಲೆ ಚಪ್ಪಲಿ ಮೆಟ್ಟಿ ಅಡಗಿ ಮನ್ಯಾಗ ಬಂದ್ರಿ, ನಾ ಸುಮ್ಮನಿದ್ನಿ. ನಾಚಿಕಿ ಬರಬೇಕ್ರಿ ನಿಮಗ...’

ವರ್ಷದ ಬಾಕಿ ಬೈಗುಳವೆಲ್ಲ ಒಂದರ ಹಿಂದೊಂದು ಬಂತು. ಎದೆಯ ತುಂಬ ವೈರು ಹಚ್ಚಿಕೊಂಡ ಕಾಕಾ ಮದುಮಗನಂತೆ ನಗುತ್ತ ಮಲಗಿದ್ದರು. ನಾನು ಕಾಗದ ಕೊಡಲು ಹೋದರೆ ಬೇಡವೆಂದರು.

‘ನೀನ ಇಟ್ಕೊ ತಮ್ಮಾ. ನನಗ ರಿಪೋರ್ಟ ಸಿಕ್ತು.’