ನನ್ನ ಕೈಬರಹದ ಇಪ್ಪತ್ತೆರಡು ತಾಯಂದಿರು

ನೀವೇ ನ್ಯಾಯ ಹೇಳಿ. ಉಪಕಾರ ಮಾಡಲು ಹೋಗಿ ಬೈಸಿಕೊಳ್ಳುವ ಯೋಗ ನನಗೊಬ್ಬಳಿಗೇ ಯಾಕೆ ಬರೆದಿದೆಯೋ ಕಾಣೆ.

ನಾನು ಕುಟುಂಬ ಸೇವಾ ಕೇಂದ್ರದಲ್ಲಿ ಕೆಲಸ ಮಾಡುವವಳು. ಚಿಕ್ಕ ಮಕ್ಕಳಿರುವ ಮನೆಗಳಿಗೆ ಹೋಗಿ, ಅಪ್ಪ ಅಮ್ಮಂದಿರು ಮಕ್ಕಳ ವಿಷಯದಲ್ಲಿ ತಾವೇ ಧೈರ್ಯವಾಗಿ ತೀರ್ಮಾನ ಮಾಡುವಂತೆ ಬೆನ್ನಿಗೆ ನಿಲ್ಲಬೇಕು. (ಕಚೇರಿಯಲ್ಲಿ ಇದಕ್ಕೆ ‘ಪಾಲಕರ ಸಬಲೀಕರಣ’ ಎಂಬ ಘನಗಂಭೀರ ಹೆಸರಿದೆ.) ನಾವು ಎಷ್ಟು ಚೆನ್ನಾಗಿ ನಿಲ್ಲುತ್ತೇವೆಂದು ಅಳೆಯಲು ಈ ವರ್ಷ ಒಂದು ಫಾರಂ ಬಂತು. ಇಪ್ಪತ್ತು ಪ್ರಶ್ನೆ, ಪ್ರತಿಯೊಂದಕ್ಕೂ ‘ಎಂದೂ ಇಲ್ಲ’, ‘ಕೆಲವೊಮ್ಮೆ’, ‘ಯಾವಾಗಲೂ’ ಎಂಬ ಮೂರು ಚೌಕ, ಕೊನೆಗೆ ಅನಿಸಿಕೆ ಬರೆಯಲು ಎರಡು ಖಾಲಿ ಗೆರೆ. ತಾಯಂದಿರೇ ತುಂಬಬೇಕಂತೆ. ಕಂಕುಳಲ್ಲಿ ಮಗು, ಒಲೆಯ ಮೇಲೆ ಹಾಲು, ಪಾಪ ಅವರೆಲ್ಲಿ ತುಂಬುತ್ತಾರೆ? “ಇಲ್ಲಿ ಕೊಡಮ್ಮ” ಎಂದು ಇಪ್ಪತ್ತೆರಡು ಮನೆಯ ಫಾರಂಗಳನ್ನೂ ನಾನೇ ತುಂಬಿದೆ. ‘ನಿಮ್ಮ ಮಾತು ಮುಗಿಯುವ ತನಕ ಸಿಬ್ಬಂದಿ ಕಾಯುತ್ತಾರೆಯೇ?’ ಎಂಬುದಕ್ಕಂತೂ ಅವರು ಬಾಯಿ ತೆರೆಯುವ ಮೊದಲೇ ‘ಯಾವಾಗಲೂ’. ಖಾಲಿ ಗೆರೆಯಲ್ಲಿ ‘ತುಂಬಾ ಒಳ್ಳೆಯವರು’ ಎಂದೂ ಬರೆದೆ.

ಮೇಲಧಿಕಾರಿ ಮೇಡಂ ಫಾರಂ ಕಟ್ಟನ್ನು ವಾಪಸ್ ತಳ್ಳಿದರು. “ಇಪ್ಪತ್ತೆರಡು ತಾಯಂದಿರಿಗೂ ನಿಮ್ಮದೇ ಕೈಬರಹನಾ? ಶುಕ್ರವಾರದೊಳಗೆ ಅವರ ಕೈಲೇ ತುಂಬಿಸ್ಕೊಂಡು ಬನ್ನಿ. ಆಗಲ್ಲ ಅಂದ್ರೆ ಮನೆ ಭೇಟಿ ಬಿಟ್ಟು ಕಡತದ ಕೋಣೇಲಿ ಕೂತ್ಕೊಳ್ಳಿ.”

ಕಟ್ಟನ್ನು ಎದೆಗವಚಿಕೊಂಡು ಹೊರಬಂದೆ. ಆ ಮನೆಗಳು, ಆ ಮಕ್ಕಳು ಅಂದರೆ ನನಗೆ ಪ್ರಾಣ.

ಅಭ್ಯಾಸಕ್ಕೆಂದು ಸಂಜೆ ಗಂಡನನ್ನೇ ಕೂರಿಸಿದೆ. ಅವರೂ ಒಬ್ಬ ತಂದೆಯೇ ತಾನೇ? (ಕೈಗಡಿಯಾರ ರಿಪೇರಿ ಮಾಡುವವರು; ಮಾತು ಕಡಿಮೆ, ತಾಳ್ಮೆ ಜಾಸ್ತಿ. ನನಗೆ ಎರಡೂ ಅನುಕೂಲ.)

“ಫಾರಂನಲ್ಲಿ ಸಿಬ್ಬಂದಿ ಅಂದ್ರೆ ನಾನು ಅಂದ್ಕೊಳ್ಳಿ. ನಾನು ತುಟಿ ಪಿಟಕ್ಕನ್ನಲ್ಲ.”

‘ಮಗುವಿನ ವಿಷಯದಲ್ಲಿ ನಿಮಗೇ ತೀರ್ಮಾನ ಮಾಡಲು ಬಿಡುತ್ತಾರೆಯೇ?’ ಎಂಬ ಮೊದಲ ಪ್ರಶ್ನೆಯನ್ನು ಎರಡು ಸಲ ಓದಿ ನನ್ನ ಮುಖ ನೋಡಿದರು.

“ಏನು ಹಾಕ್ಲಿ?”

“ನನ್ನನ್ನೇನು ಕೇಳ್ತೀರಿ? ನಿಮಗನ್ನಿಸಿದ್ದು ಹಾಕಿ.”

‘ಕೆಲವೊಮ್ಮೆ’ಗೆ ಟಿಕ್ ಹಾಕಿದರು. ನನ್ನ ಹುಬ್ಬು ಮೇಲೇರಿತೇನೋ, ತಕ್ಷಣ ರಬ್ಬರ್ ತೆಗೆದುಕೊಂಡು ಅಳಿಸಿ ‘ಯಾವಾಗಲೂ’ ಮಾಡಿದರು.

“ಅಳಿಸಿದ್ದು ಯಾಕ್ರೀ?”

“ನೀನು ಆ ಥರ ನೋಡಿದ್ಯಲ್ಲ.”

“ನಾನೇನು ನೋಡ್ದೆ?”

“ಎಂಟು ವರ್ಷದಿಂದ ನೋಡ್ತಾ ಇದೀನಿ, ನಂಗೊತ್ತಾಗಲ್ವಾ?”

ಮೊದಲು ಸಿಟ್ಟು ಬಂತು, ಆಮೇಲೆ ನಾಚಿಕೆಯಾಯಿತು. ಆ ತಾಯಂದಿರೂ ಇಷ್ಟು ದಿನ ನನ್ನ ಮುಖವನ್ನೇ ಓದುತ್ತಿದ್ದರೇನೋ. ಗೋಡೆಯ ಕಡೆ ತಿರುಗಿ ಕುಳಿತೆ. ಬೆನ್ನ ಹಿಂದೆ ಪೆನ್ಸಿಲ್ ಸದ್ದು. ತಿರುಗಿ ನೋಡದೆ ಹಲ್ಲು ಕಚ್ಚಿ ಕಳೆದ ಆ ಕಾಲು ಗಂಟೆಯ ಪಾಡು ಶತ್ರುವಿಗೂ ಬೇಡ.

ಫಾರಂ ಕೈಗೆ ಬಂತು. ಹೆಚ್ಚುಕಡಿಮೆ ಎಲ್ಲಾ ಟಿಕ್ಕೂ ‘ಎಂದೂ ಇಲ್ಲ’ಕ್ಕೆ. ಖಾಲಿ ಗೆರೆಯಲ್ಲಿ ಗಡಿಯಾರದ ಅಂಕಿಯಷ್ಟು ಸಣ್ಣ ಅಕ್ಷರ: ‘ನನಗೆ ಮಗಳ ಜಡೆ ಹಾಕಲು ಬರುತ್ತದೆ. ಬಾಚಣಿಗೆ ಯಾವತ್ತೂ ನನ್ನ ಕೈಗೆ ಬಂದಿಲ್ಲ.’

ಆ ಸಾಲನ್ನು ಮತ್ತೊಮ್ಮೆ ಓದಿದೆ. ಆದರೂ “ಅಕ್ಷರ ಸ್ವಲ್ಪ ದೊಡ್ಡದಾಗಿ ಬರೀಬಾರ್ದಾ?” ಎಂದೇ ಬಾಯಿಗೆ ಬಂತು.

ಮರುದಿನ ಬೆಳಿಗ್ಗೆ ಬಾಚಣಿಗೆಯನ್ನು ಅವರ ಕೈಗಿತ್ತು, ನನ್ನ ಮೇಲೆ ನನಗೇ ನಂಬಿಕೆಯಿಲ್ಲದೆ ಹೊರಗೆ ಹೋಗಿ ನಿಂತೆ. ಮಗಳು ಓಡಿ ಬಂದಳು. ಒಂದು ಜಡೆ ಕಿವಿಯ ಮೇಲೆ, ಇನ್ನೊಂದು ಕತ್ತಿನ ಹಿಂದೆ. ನನ್ನ ಕೈ ತಾನಾಗಿಯೇ ಮುಂದೆ ಹೋಯಿತು.

“ಮುಟ್ಬೇಡಮ್ಮಾ! ಎಲ್ಲೆಲ್ಲಿ ಬೇಕು ಅಂತ ಅಪ್ಪ ನನ್ನ ಕೇಳಿ ಹಾಕಿದ್ದು. ನೀನು ಯಾಕೆ ಯಾವತ್ತೂ ಕೇಳಲ್ಲ?”

ಇಪ್ಪತ್ತು ಪ್ರಶ್ನೆ ಹಿಡಿದು ಮನೆ ಮನೆ ತಿರುಗುವವಳಿಗೆ ಇದು ಇಪ್ಪತ್ತೊಂದನೆಯದು. “ಹೊತ್ತಾಯ್ತು, ಶೂ ಹಾಕ್ಕೋ” ಎಂದು ಗದರಿಬಿಟ್ಟೆ. ಅಪ್ಪ ಮಗಳು ಮುಖ ಮುಖ ನೋಡಿಕೊಂಡರು. ಇಪ್ಪತ್ತೆರಡು ಮನೆಯಲ್ಲಿ ಗೋಡೆ ನೋಡುತ್ತ ಕೂರಬೇಕು; ಶುಕ್ರವಾರಕ್ಕೆ ಇನ್ನು ಎರಡೇ ದಿನ.