ಹಿಂದೆ ಬರ್ತಾ ಇದ್ದಾರೆ

ಅರವತ್ತೊಂದನೆಯ ವಯಸ್ಸಿನಲ್ಲಿ ಒಬ್ಬಳೇ ವಿದೇಶಕ್ಕೆ ಹೋಗುವುದೇನು ಮಹಾ ಕಷ್ಟವಲ್ಲ ಎಂದು ನಾನು ಶನಿವಾರಸಂತೆಯಲ್ಲಿ ಕನಿಷ್ಠ ನಲವತ್ತು ಜನರಿಗೆ ಹೇಳಿದ್ದೆ. ಕೇಳದವರಿಗೂ ಹೇಳಿದ್ದೆ. ಪಕ್ಕದ ಮನೆಯ ಕಮಲಕ್ಕ ಮಾತ್ರ ನಂಬಲಿಲ್ಲ.

"ಒಬ್ಳೇ ಹೋಯ್ತೀಯಾ? ಸೋಮವಾರಪೇಟೆಗೆ ಹೋಗ್ಬೇಕಾದ್ರೂ ನನ್ನ ಎಳ್ಕೊಂಡು ಹೋಯ್ತಿದ್ಯಲ್ಲೇ ಸರೋಜಾ!"

"ಅದು ಬಸ್ಸು ಕಣಕ್ಕಾ. ವಿಮಾನದಲ್ಲಿ ಸೀಟಿಗೆ ಟವಲ್ ಹಾಕೋಕೆ ಇನ್ನೊಬ್ರು ಬೇಕಾಗಿಲ್ಲ."

"ಎಲ್ಲಿಗೆ ಅಂದೆ?"

"ವಿಯೆಟ್ನಾಂ."

"ಅಯ್ಯೋ, ನಮ್ಮ ಮೆಣಸಿನ ರೇಟು ಹಾಳು ಮಾಡ್ದೋರ ಊರಿಗಾ!"

ಕಾರಣವೂ ಅದೇ. ನಮ್ಮ ಯಜಮಾನರು ಮೂವತ್ತು ವರ್ಷ ಕಾಫಿ ಎಸ್ಟೇಟಿನಲ್ಲಿ ಹಾಜರಿ ಬರೆಯುವ ರೈಟರ್ ಆಗಿದ್ದರು. ಕಾಳುಮೆಣಸಿನ ಬೆಲೆ ಇಳಿದಾಗಲೆಲ್ಲ ವಿಯೆಟ್ನಾಮನ್ನು ಬೈಯುತ್ತಿದ್ದರು. ಬೈದು ಬೈದು ಆ ದೇಶದ ಮೇಲೆ ಅವರಿಗೆ ಒಂಥರಾ ಸಲಿಗೆ ಬೆಳೆದಿತ್ತು. "ಒಂದ್ಸಲ ಹೋಗಿ ಅವ್ರ ಬಳ್ಳಿ ನೋಡ್ಬೇಕು ಕಣೇ. ಅದೇನು ಗೊಬ್ಬರ ಹಾಕ್ತಾರೋ!" ಎಂದು ಇಬ್ಬರಿಗೂ ಪಾಸ್‌ಪೋರ್ಟ್ ಮಾಡಿಸಿ, ಇಬ್ಬರ ವಿವರವನ್ನೂ ನನ್ನ ಫೋನಿಗೆ ತುಂಬಿದರು. ಆಮೇಲೆ, ಹೋದ ವರ್ಷದ ಕಾರ್ತಿಕದಲ್ಲಿ, ಬೆಳಗ್ಗೆ ಕೆಲಸಕ್ಕೆ ಹೊರಟವರು ಮನೆಯ ಗೇಟಿನ ಹತ್ತಿರವೇ ಕುಸಿದು ತೀರಿಕೊಂಡರು.

ಹಾಗಾಗಿ ಬಳ್ಳಿ ನೋಡುವ ಜವಾಬ್ದಾರಿ ನನ್ನ ಮೇಲೆ ಬಿತ್ತು. ಟಿಕೆಟ್ ನಾನೇ ಮಾಡಿದೆ. ವೆಬ್ ಚೆಕ್-ಇನ್ ಕೂಡ ನಾನೇ. ಕಮಲಕ್ಕನ ಮಗಳು "ಮಾಡ್ಕೊಡ್ಲಾ ಆಂಟಿ?" ಅಂದರೆ, "ಬೇಡಮ್ಮಾ, ನನಗೆ ಬರುತ್ತೆ" ಎಂದು ಗಂಭೀರವಾಗಿ ನಿರಾಕರಿಸಿದೆ.

ವಿಮಾನ ನಿಲ್ದಾಣದಲ್ಲಿ ಬ್ಯಾಗ್ ಕೊಡುವಾಗ ಕೌಂಟರಿನ ಹುಡುಗಿ ಪರದೆ ನೋಡಿ ಕೇಳಿದಳು: "ಮೇಡಂ, ಇಲ್ಲಿ ಇಬ್ಬರ ಹೆಸರಿದೆ. ಸರ್ ಎಲ್ಲಿ?"

ಈ ಪ್ರಶ್ನೆಗೆ ಚಿಕ್ಕ, ಸರಿಯಾದ ಉತ್ತರವೊಂದಿತ್ತು. ಹಿಂದೆ ಸಾಲು ನಿಂತಿತ್ತು. ಅಷ್ಟು ಜನರ ಮುಂದೆ ಅದು ಬಾಯಿಗೆ ಬರಲಿಲ್ಲ.

"ಹಿಂದೆ ಬರ್ತಾ ಇದ್ದಾರೆ," ಎಂದೆ.

ಗೇಟಿನಲ್ಲಿ ಇನ್ನೊಬ್ಬ ಹುಡುಗಿ. ಅದೇ ಪ್ರಶ್ನೆ, ಅದೇ ಉತ್ತರ. ಎರಡನೆಯ ಸಲಕ್ಕೆ ಸುಳ್ಳಿಗೂ ಸ್ವಲ್ಪ ಧೈರ್ಯ ಬಂದಿರುತ್ತದೆ. "ಟಾಯ್ಲೆಟ್‌ಗೆ ಹೋಗಿದ್ದಾರೆ," ಎಂದೂ ಸೇರಿಸಿದೆ!

"ಹಾಗಾದ್ರೆ ಅವರು ಬಂದ ಮೇಲೆ ಒಟ್ಟಿಗೇ ಬನ್ನಿ," ಎಂದು ನನ್ನನ್ನು ಬದಿಗೆ ಕೂರಿಸಿದಳು.

ಸ್ವಲ್ಪ ಹೊತ್ತಿಗೆ ಮೈಕ್ ಶುರುವಾಯಿತು. "ಪ್ರಯಾಣಿಕರಾದ ಶ್ರೀ ಮಲ್ಲಪ್ಪ ಅವರು ಕೂಡಲೇ ಗೇಟಿಗೆ ಬರಬೇಕು." ಕನ್ನಡದಲ್ಲಿ ಕರೆದರು. ಹಿಂದಿಯಲ್ಲಿ ಕರೆದರು. ಇಂಗ್ಲಿಷಿನಲ್ಲಿ ಕೊನೆಯ ಕರೆ ಎಂದು ಕರೆದರು. ಏಳು ಗಂಟೆಯ ಬಸ್ಸಿಗೆ ಆರಕ್ಕೇ ಹೋಗಿ ನಿಲ್ಲುತ್ತಿದ್ದ ಮನುಷ್ಯ! ಸೀಟಿ ಊದಿದ ಮೇಲೆ ಬಂದ ಆಳಿಗೆ ಅರ್ಧ ದಿನದ ಹಾಜರಿಯನ್ನೇ ಹಾಕುತ್ತಿದ್ದ ಮನುಷ್ಯ! ಅಂಥವರನ್ನು ಮೂರು ಭಾಷೆಗಳಲ್ಲಿ ಸೋಮಾರಿ ಎಂದು ಸಾರಿಸಿದ ಕೀರ್ತಿ ಈ ಧರ್ಮಪತ್ನಿಗೆ ಸಲ್ಲುತ್ತದೆ.

ಸಾಲಿನಲ್ಲಿದ್ದ ಒಬ್ಬರು ನನ್ನ ಕಡೆ ತಿರುಗಿ ಗೊಣಗಿದರು. "ಯಾರ್ರೀ ಈ ಮಲ್ಲಪ್ಪ? ಒಬ್ಬನಿಗೋಸ್ಕರ ಎಲ್ರೂ ಕಾಯ್ಬೇಕಾ?"

"ಹೌದು ನೋಡಿ. ಎಂಥೆಂಥಾ ಜನ ಇರ್ತಾರೆ!" ಎಂದೆ.

ಹೌದು, ಹಾಗೆಂದವಳು ನಾನೇ.

ಇಬ್ಬರು ಸಿಬ್ಬಂದಿ ಗಂಡಸರ ಶೌಚಾಲಯಕ್ಕೆ ಓಡಿದರು. "ಮಲ್ಲಪ್ಪ ಸರ್! ಮಲ್ಲಪ್ಪ ಸರ್!" ಎಂದು ಬಾಗಿಲು ಬಡಿಯುವುದು ನನಗೆ ಕೇಳಿಸುತ್ತಿತ್ತು. ಮಲ್ಲಪ್ಪರಲ್ಲದ ಮೂವರು ಗಾಬರಿಯಿಂದ ಪ್ಯಾಂಟ್ ಸರಿಮಾಡಿಕೊಳ್ಳುತ್ತಾ ಹೊರಬಂದರು. ಇನ್ನು ಸುಮ್ಮನಿದ್ದರೆ ವಿಮಾನ ನನ್ನನ್ನು ಬಿಟ್ಟೇ ಹೋಗುತ್ತದೆ, ನಾಳೆ ಬೆಳಗ್ಗೆ ಕಮಲಕ್ಕನ ಮುಂದೆ ನಿಲ್ಲಬೇಕಾಗುತ್ತದೆ ಎಂದು ಹೊಳೆಯಿತು. ಎದ್ದು ಹೋದೆ.

"ಅವರು ಬರೋದಿಲ್ಲಮ್ಮಾ."

"ಯಾಕೆ ಮೇಡಂ?"

"ತೀರಿಕೊಂಡಿದ್ದಾರೆ."

ಹುಡುಗಿಯ ಮುಖ ಬಿಳುಚಿಕೊಂಡಿತು. "ಟಾಯ್ಲೆಟ್‌ನಲ್ಲಾ?!"

ನಾನು ಬಾಯಿ ತೆರೆಯುವಷ್ಟರಲ್ಲಿ ಅವಳು ವಾಕಿಟಾಕಿಯಲ್ಲಿ ಡಾಕ್ಟರನ್ನು ಕರೆದಾಗಿತ್ತು. ಎಲ್ಲಿಂದಲೋ ಒಂದು ಗಾಲಿಕುರ್ಚಿ ಓಡಿಬಂತು.

"ಅಲ್ಲಮ್ಮಾ, ಅಲ್ಲ! ನಮ್ಮನೆ ಗೇಟ್ ಹತ್ರ! ಹೋದ ವರ್ಷ!" ಎಂದು ಕೂಗಿಬಿಟ್ಟೆ.

ಗೊಣಗಿದ್ದ ಮನುಷ್ಯ ನನ್ನನ್ನು ನೋಡಿದ ನೋಟವನ್ನು ಇಲ್ಲಿ ಬರೆಯಲಾರೆ.

ಹುಡುಗಿ ಒಳ್ಳೆಯವಳು. ನನ್ನ ಕೈ ಹಿಡಿದುಕೊಂಡಳು. "ಸಾರಿ ಮೇಡಂ. ಸಾಫ್ಟ್‌ವೇರ್ ಹಳೇ ಹೆಸರನ್ನ ತಾನೇ ಹಾಕ್ಕೊಂಡಿರುತ್ತೆ."

"ಹೌದಮ್ಮಾ. ಈ ಸಾಫ್ಟ್‌ವೇರ್‌ನ ನಂಬೋ ಹಾಗಿಲ್ಲ," ಎಂದೆ.

ಎಲ್ಲರಿಗಿಂತ ಕೊನೆಗೆ ವಿಮಾನ ಹತ್ತಿದೆ. ಸಾಲುಸಾಲು ಕಣ್ಣುಗಳು ನನ್ನನ್ನು ದಾಟಿ, ನನ್ನ ಹಿಂದೆ ಬರಬೇಕಾದವರನ್ನು ಹುಡುಕಿದವು. ತಲೆ ತಗ್ಗಿಸಿಕೊಂಡು ಹೋಗಿ ಕೂತೆ. ಕಿಟಕಿ ಪಕ್ಕದ ಸೀಟು ಖಾಲಿ.

ವಿಮಾನ ಮೇಲೇರಿದ ಮೇಲೆ ಗಗನಸಖಿ ಊಟ ತಂದಳು. ಗೇಟಿನಿಂದ ಸುದ್ದಿ ಬಂದಿತ್ತೆಂದು ಕಾಣುತ್ತದೆ, ಬಹಳ ಮೆಲ್ಲಗೆ ಮಾತಾಡಿದಳು. ನನ್ನ ತಟ್ಟೆ ಇಟ್ಟಳು. ಕೈಯಲ್ಲಿ ಇನ್ನೊಂದು ತಟ್ಟೆಯಿತ್ತು. ಅದರ ಮೇಲಿನ ಚೀಟಿ ಓದಿ ತಡೆದಳು.

"ಮೇಡಂ, ಸಾಫ್ಟ್‌ವೇರ್ ತಪ್ಪು ಅಂದ್ರು. ಆದ್ರೆ ಇದು ಶುಗರ್ ಇರೋರ ಊಟ. ಇದನ್ನ ಯಾರಾದ್ರೂ ಆರಿಸಿದ್ರೆ ಮಾತ್ರ ಬರುತ್ತೆ..."

ನಾನು ಕಿಟಕಿಯ ಕಡೆ ನೋಡಿದೆ. ನೋಡಲು ಅಲ್ಲಿ ಮೋಡ ಬಿಟ್ಟು ಏನೂ ಇರಲಿಲ್ಲ.

ಇದನ್ನು ನಾನು ಕಮಲಕ್ಕನಿಗೂ ಹೇಳಿಲ್ಲ. ಟಿಕೆಟ್ ಮಾಡುವಾಗ ಫೋನಿನಲ್ಲಿ ಯಜಮಾನರ ಹೆಸರಿನ ಮುಂದೆ ಒಂದು ಟಿಕ್ ಇತ್ತು. ತೆಗೆಯಲು ಒಂದು ಬೆರಳು ಸಾಕಿತ್ತು. ಆ ಬೆರಳನ್ನು ಬಹಳ ಹೊತ್ತು ಹಾಗೇ ಹಿಡಿದುಕೊಂಡು ಕೂತಿದ್ದೆ. ಕೊನೆಗೆ ಅವರಿಗೆ ಕಿಟಕಿ ಪಕ್ಕದ ಸೀಟು ಕೊಡಿಸಿದೆ. ಶುಗರ್ ಇದೆಯಲ್ಲ ಎಂದು ಊಟವನ್ನೂ ಬದಲಾಯಿಸಿದೆ.

ಗಗನಸಖಿ ಆ ತಟ್ಟೆಯನ್ನೂ ನನ್ನ ಮುಂದೆಯೇ ಇಟ್ಟು ಹೋದಳು.

ನಾಚಿಕೆಯಿಂದ ಗಂಟಲಲ್ಲಿ ತುತ್ತು ಇಳಿಯುವುದಿಲ್ಲ ಎಂದು ಕೇಳಿದ್ದೆ. ನನಗೆ ಇಳಿಯಿತು. ನನ್ನದನ್ನು ಮುಗಿಸಿ ಅವರದನ್ನೂ ಬಿಚ್ಚಿದೆ. ಬರೀ ಸಪ್ಪೆ. ನಾಲ್ಕು ವರ್ಷ ಇಂಥದ್ದನ್ನೇ ಬೇಯಿಸಿ ಬಡಿಸಿ, "ಚೆನ್ನಾಗೇ ಇದೆಯಲ್ಲ, ಮುಖ ಯಾಕೆ ಹಾಗೆ ಮಾಡ್ತೀರಾ?" ಎಂದು ಗದರುತ್ತಿದ್ದವಳು ನಾನು. ಒಂದು ದಿನವೂ ರುಚಿ ನೋಡಿರಲಿಲ್ಲ!

ಒಂದಗಳೂ ಬಿಡದೆ ತಿಂದೆ. ಆಮೇಲೆ ಸುತ್ತ ಯಾರೂ ನೋಡುತ್ತಿಲ್ಲವೆಂದು ಖಚಿತಪಡಿಸಿಕೊಂಡು, ಅವರ ಪಾಲಿನ ನೀರಿನ ಬಾಟಲಿಯನ್ನೂ ಬ್ಯಾಗಿಗೆ ಹಾಕಿಕೊಂಡೆ.